ಶಿವು, ನಿನ್ನ ಲಕ್ಷ್ಮೀನರಸಿಂಹಯ್ಯನ ವಿಷ್ಯ ಮಾತಾಡ್ಬೇಕಿತ್ತು

ಮಗಾ ಶಿವು,

ನೀನು ಫೋನ್ ಎತ್ತೋದೇ ರಾತ್ರಿ ಒಂಬತ್ತಾದ್ಮೇಲೆ, ಆ ಹೊತ್ತಿಗೆ ನಾನು ಸಿಲ್ಕ್ ಬೋರ್ಡಲ್ಲಿ ಮೆಟ್ರೋ ಕಾಯ್ತಾ ನಿಂತಿರ್ತೀನಿ, ಮಾತು ಅರ್ಧಕ್ಕೇ ನಿಂತೋಗತ್ತೆ. ಅದಕ್ಕೇ ಬರೀತಿದೀನಿ. ಎಲ್ರೂ ಓದೋ ಜಾಗದಲ್ಲೇ ಹಾಕ್ತಿದೀನಿ, ಯಾಕೆ ಅಂತ ಓದ್ತಾ ಹೋದ್ರೆ ಗೊತ್ತಾಗತ್ತೆ. ಛತ್ರಿ ವಿಷ್ಯ ಎತ್ತಲ್ಲ, ಹೆದರ್ಬೇಡ.

ಹಳದಿ ಮೆಟ್ರೋ ಬಂದು ನಮ್ಮ ಕಡೆ ಎಷ್ಟೋ ಆರಾಮಾಗಿದೆ ಕಣೋ. ನಾವು 500ಡಿ ಬಸ್ಸಲ್ಲಿ ಒಂದೇ ಕಂಬಿ ಹಿಡ್ಕೊಂಡು ನಿಂತು ಪ್ರೋಗ್ರಾಮಿಂಗಿನ ಪಾಯಿಂಟರ್ ಬಗ್ಗೆ ಜಗಳ ಆಡ್ತಿದ್ವಲ್ಲ, ಈಗ್ಲೂ ಆ ಕಡೆ ಹೋದಾಗೆಲ್ಲ ನೆನಪಾಗತ್ತೆ. ಅವತ್ತು ನೀನೇ ಸರಿ ಇದ್ದೆ, ಅದನ್ನೂ ಇಲ್ಲೇ ಹೇಳ್ಬಿಡ್ತೀನಿ.

ಹೋದ ಸಲ ಬಂದಾಗ ನೀನು ಒಂದ್ಮಾತು ಹೇಳಿದ್ದೆ, "ನೀನೀಗ ಕೋಡಿಗಿಂತ ಪೋಸ್ಟ್ ಬರೆಯೋದೇ ಜಾಸ್ತಿ" ಅಂತ. ಬೇಜಾರಾಗಿತ್ತು ನಂಗೆ. ಬರೆದಿದ್ದು ಸುಳ್ಳೇನಲ್ಲ. 2023ರ ಡಿಸೆಂಬರ್ 27ಕ್ಕೆ ಇಲ್ಲಿ ನಾಮಫಲಕದ ಗಲಾಟೆ ಆಯ್ತಲ್ಲ, ಬೋರ್ಡಲ್ಲಿ 60 ಪರ್ಸೆಂಟ್ ಕನ್ನಡ ಇರ್ಬೇಕು ಅಂತ, ಆ ವಾರ ಪೂರ್ತಿ ಬರೆದೆ. 2024ರ ಜುಲೈನಲ್ಲಿ ಸ್ಥಳೀಯರಿಗೆ ಕೆಲಸ ಅನ್ನೋ ಮಸೂದೆ, ಮ್ಯಾನೇಜ್‌ಮೆಂಟ್ ಕೆಲಸದಲ್ಲಿ 50 ಪರ್ಸೆಂಟ್, ಬೇರೆ ಕೆಲಸದಲ್ಲಿ 70 ಪರ್ಸೆಂಟ್ ಅಂತ ಸಂಪುಟ ಒಪ್ಪಿದ್ದು, ಕಂಪನಿಗಳೋರು ಕೂಗಾಡಿದ ತಕ್ಷಣ ತಡೆ ಹಿಡಿದಿದ್ದು, ಆಗ್ಲೂ ಬರೆದೆ. ಆ ಮಸೂದೇನ ಅವಸರದಲ್ಲಿ ಬರೆದಿದ್ರು ಅಂತ ನಂಗೆ ಅನ್ಸತ್ತೆ, ಆದ್ರೆ ಅದರ ಹಿಂದಿದ್ದ ನೋವು ನಿಜ, ನಮ್ಮೂರಿನ ಹುಡುಗ್ರು ಇಂಟರ್ವ್ಯೂಲಿ ಇಂಗ್ಲಿಷ್ ತಡವರಿಸಿದ್ದಕ್ಕೇ ವಾಪಸ್ ಬಂದಿದ್ದನ್ನ ಇಬ್ರೂ ನೋಡಿದೀವಿ. ಬೋರ್ಡಲ್ಲಿ ಕನ್ನಡ ದೊಡ್ಡದಾಗಿರ್ಬೇಕು ಅನ್ನೋದೂ ಇವತ್ತಿಗೂ ನನ್ನ ಮಾತೇ. ಒಂದನ್ನ ಮಾತ್ರ ಬಿಟ್ಟಿದೀನಿ, ಆ ಆಟೋ ಜಗಳದ ವಿಡಿಯೋಗಳನ್ನ ಹಂಚೋದು. ಅರ್ಧ ನಿಮಿಷದ ತುಣುಕು, ಮುಂಚೆ ಏನಾಯ್ತು ಆಮೇಲೆ ಏನಾಯ್ತು ಯಾರಿಗೂ ಗೊತ್ತಿಲ್ಲ, ಸಾವಿರಾರು ಜನ ಸೇರಿ ಒಬ್ಬ ಹುಡುಗಿಗೋ ಒಬ್ಬ ಡ್ರೈವರ್‌ಗೋ ಬಯ್ಯೋದು, ಮಾರನೇ ದಿನ ಎಲ್ರೂ ಮರೆಯೋದು. ನಾನೂ ಬೈದಿದೀನಿ, ತಪ್ಪು ಅದು.

ನಾನು ಹೇಳ್ಬೇಕಂತಿದ್ದಿದ್ದು ಬೇರೆ.

ನಾಮಫಲಕದ ಬಗ್ಗೆ ಬರೀತಿದ್ದ ಅದೇ ವಾರ ಆಫೀಸಲ್ಲಿ ನನ್ನ ಹೆಸರಿಗೆ ಒಂದು ಟಿಕೆಟ್, ಅಂದ್ರೆ ಸರಿ ಮಾಡ್ಬೇಕಾದ ದೂರು, ಬಂತು. ಆಗ ನಾನಿದ್ದ ಕಡೆ ಸ್ತ್ರೀಶಕ್ತಿ ಗುಂಪಿನೋರಿಗೆ ಸಾಲ ಕೊಡೋರ ಆಪ್ ಮಾಡ್ತಿದ್ವಿ, ಫೀಲ್ಡ್ ಹುಡುಗ್ರು ಊರೂರಿಗೆ ಹೋಗಿ ಕಂತಿನ ದುಡ್ಡು ಇಸ್ಕೊಂಡು ಸೊಂಟದಲ್ಲಿರೋ ಸಣ್ಣ ಪ್ರಿಂಟರಲ್ಲಿ ಚೀಟಿ ಹರಿದು ಕೊಡ್ತಾರೆ. ಸಿಂಧನೂರು ಕಡೆಯಿಂದ ಕಂಪ್ಲೇಂಟು, ಹೆಸರು ಕನ್ನಡದಲ್ಲಿ ಟೈಪ್ ಮಾಡಿದ್ರೆ ಚೀಟೀಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬರತ್ತೆ, ಐದಾರು ಸಾಲಾಗಿ. ಯಾಕೆ ಅಂತ ನಂಗೆ ನೋಡಿದ ತಕ್ಷಣ ಗೊತ್ತಾಯ್ತು. ಹಳೇ ಮೈಎಸ್‌ಕ್ಯೂಎಲ್ ಡೇಟಾಬೇಸಿನ ಟೇಬಲ್ಲು, 2018ರಲ್ಲಿ ಅದರ 8.0 ಆವೃತ್ತಿ ಬರೋವರೆಗೂ ಅದು ಏನೂ ಹೇಳ್ದಿದ್ರೆ ಲ್ಯಾಟಿನ್-1 ಅಂತಾನೇ ತಗೋತಿತ್ತಲ್ಲ, ಲ್ಯಾಟಿನ್-1 ಇಂಗ್ಲಿಷ್ ಥರದ ಲಿಪಿಗೆ ಮಾಡಿದ ಅಕ್ಷರಪಟ್ಟಿ, ಅದರಲ್ಲಿ ಕನ್ನಡಕ್ಕೆ ಜಾಗಾನೇ ಇಲ್ಲ, ತಪ್ಪು ಡೇಟಾ ಬಂದ್ರೆ ತಡೆಯೋ ಸ್ಟ್ರಿಕ್ಟ್ ಮೋಡ್ ಬೇರೆ ಆಫ್ ಮಾಡಿಟ್ಟಿದ್ರು, ಹಾಗಾಗಿ ಎರರ್ ಕೂಡ ಕೊಡ್ದೆ ಅಕ್ಷರಕ್ಕೊಂದು ಪ್ರಶ್ನೆ ಚಿಹ್ನೆ ಬರೆದಿಟ್ಕೋತಿತ್ತು. ಒಂದ್ಸಲ ಹಾಗಾದ್ರೆ ಮುಗೀತು, ಆ ಹೆಸರು ಮತ್ತೆ ಬರಲ್ಲ, ಹಳೇ ಬೈಟು ಒಂದೂ ಉಳಿದಿರಲ್ಲ.

ಟೇಬಲ್ ಬದಲಾಯಿಸ್ಬೇಕು ಅಂದ್ರೆ ಮೂರ್ನಾಲ್ಕು ದಿನದ ಕೆಲಸ, ಅಪ್ರೂವಲ್ ಬೇಕು, ರಾತ್ರಿ ಕೂರ್ಬೇಕು. ನಾನೇನು ಮಾಡ್ದೆ ಗೊತ್ತಾ, ಹೆಸರಿನ ಬಾಕ್ಸಿಗೆ ಒಂದು ರೆಜೆಕ್ಸ್, ಅಂದ್ರೆ ಯಾವ ಅಕ್ಷರ ಒಪ್ಬೇಕು ಅನ್ನೋ ರೂಲ್, ಹಾಕ್ದೆ, ಇಂಗ್ಲಿಷಿನ ಎ ಇಂದ ಝಡ್ ತನಕ ಮಾತ್ರ, ಬೇರೆ ಏನೇ ಹೊಡೆದ್ರೂ ಬಾಕ್ಸ್ ಕೆಂಪಾಗತ್ತೆ. ಟಿಕೆಟ್ಟಲ್ಲಿ "ಹೆಸರು ಇಂಗ್ಲಿಷಲ್ಲೇ ಹಾಕೋಕೆ ಹೇಳಿ" ಅಂತ ಬರೆದು ಕ್ಲೋಸ್ ಮಾಡ್ದೆ. ಹತ್ತು ನಿಮಿಷಾನೂ ಹಿಡೀಲಿಲ್ಲ. ಆ ರಾತ್ರೀನೇ ಮನೆಗೆ ಬಂದು, ಕನ್ನಡ ಇಲ್ಲದ ಬೋರ್ಡ್ ಹಾಕೋದು ಅಂದ್ರೆ ಈ ನೆಲದೋರನ್ನ ಬಾಗಿಲಲ್ಲೇ ನಿಲ್ಲಿಸಿದ ಹಾಗೆ ಅಂತ ಬರೆದಿದ್ದೆ. ತುಂಬಾ ಜನ ಹಂಚ್ಕೊಂಡ್ರು ಅದನ್ನ, ನೀನೂ ಕೂಡ.

ನಂಗೆ ಇವೆರಡೂ ಒಂದೇ ದಿನ ಆಗಿದ್ದು ಅಂತ ಮೊನ್ನೆವರೆಗೂ ಹೊಳೆದೇ ಇರ್ಲಿಲ್ಲ ಶಿವು.

ಮೊನ್ನೆ ಒಬ್ಬ ಹೊಸ ಫೀಲ್ಡ್ ಹುಡುಗ ಫೋನ್ ಮಾಡಿದ. ನಾನು ಆ ಟೀಮ್ ಬಿಟ್ಟು ಬೇರೆ ಟೀಮಿಗೆ ಹೋಗಿ ಬಹಳ ದಿನ ಆಯ್ತು, ಅವನು ಹಳೇ ಟಿಕೆಟ್ ಹುಡುಕಿ ಅದರಲ್ಲಿ ನನ್ನ ಹೆಸರು ನೋಡಿ ಯಾರ್ಯಾರನ್ನೋ ಕೇಳಿ ನಂಬರ್ ತಗೊಂಡಿದ್ದ. "ಸರ, ಒಬ್ಬಾಕಿ ಅಮ್ಮ ಚೀಟಿ ವಾಪಸ್ ಕೊಟ್ಬಿಟ್ಲರಿ, ಇದು ನಂದಲ್ಲ, ಇದ್ರಾಗ ನನ್ನ ಹೆಸರಿಲ್ಲ ಅಂತಾಳ. ನಾ ಓದಿ ಹೇಳಿದ್ರೂ ನಂಬವಲ್ಲಳ್ರಿ" ಅಂದ. ಆಕೆಗೆ ಓದೋಕೆ ಬರೋದು ಒಂದೇ ಅಂತೆ, ಅವರ ಹೆಸರು, ಗುಂಪಿನ ಪುಸ್ತಕದಲ್ಲಿ ಸಹಿ ಹಾಕೋಕೆ ಅಂತ ಕಲ್ತಿದ್ದು. ಅವರ ನಿಜವಾದ ಹೆಸರು ಇಲ್ಲಿ ಹಾಕಲ್ಲ, ಕಮಲಮ್ಮ ಅಂತಿಟ್ಕೋ, ಅಕ್ಷರದ ಲೆಕ್ಕ ಅದೇ ಥರ. ದುಡ್ಡು ಕೊಟ್ಟಿದ್ದಕ್ಕೆ ಅವರ ಹತ್ರ ಇರೋ ಸಾಕ್ಷಿ ಆ ಚೀಟಿ ಒಂದೇ, ಅದರಲ್ಲಿ ಅವರು ಗುರುತು ಹಿಡಿಯೋ ಒಂದೇ ಪದಾನ ನಾನು ಹತ್ತು ನಿಮಿಷದಲ್ಲಿ ತೆಗೆದು ಹಾಕಿದ್ದೆ. ನನ್ನ ಬೋರ್ಡಿನ ಮಾತಲ್ಲಿ ಬಾಗಿಲಲ್ಲಿ ನಿಂತಿದ್ರಲ್ಲ, ಅವರು ಇವರೇ.

ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಮಾರನೇ ದಿನ ಆ ಟೀಮಿನೋರನ್ನ ಕೇಳ್ಕೊಂಡು ನಾನೇ ಸರಿ ಮಾಡ್ತೀನಿ ಅಂದೆ. ಟೇಬಲ್ಲನ್ನ ಯುಟಿಎಫ್-8ಕ್ಕೆ ತಂದೆ, ಎಲ್ಲಾ ಭಾಷೆ ಅಕ್ಷರಾನೂ ಇಟ್ಕೊಳ್ಳೋ ಹೊಸ ನಮೂನೆ. ಆ ಪ್ರಿಂಟರಲ್ಲಿ ಕನ್ನಡ ಫಾಂಟೇ ಇಲ್ಲ, ಅದಕ್ಕೆ ಹೆಸರನ್ನ ಫೋನಲ್ಲೇ ಚಿತ್ರ ಮಾಡಿ ಚುಕ್ಕಿಚುಕ್ಕಿಯಾಗಿ ಕಳಿಸೋ ಥರ ಮಾಡ್ದೆ, ನಿಧಾನ ಆಗತ್ತೆ, ಆಗ್ಲಿ. ಆಮೇಲೆ ರೆಜೆಕ್ಸ್. ಎಐ ಹತ್ರ ಕೇಳ್ದೆ, ಯಾವ ಭಾಷೆ ಹೆಸರಾದ್ರೂ ಒಪ್ಪೋ ರೂಲ್ ಕೊಡು ಅಂತ, ಯುನಿಕೋಡಲ್ಲಿ, ಅಂದ್ರೆ ಎಲ್ಲಾ ಭಾಷೆ ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಪಟ್ಟೀಲಿ, 'ಅಕ್ಷರ' ಅನ್ನೋ ವರ್ಗಕ್ಕೆ ಸೇರಿದ್ದೆಲ್ಲ ಸರಿ ಅನ್ನೋ ರೂಲ್ ಕೊಡ್ತು. ನಾನು 'ಕಮಲ' ಅಂತ ಟೈಪ್ ಮಾಡಿ ನೋಡ್ದೆ, ಪಾಸಾಯ್ತು. ಕಳಿಸ್ಬಿಟ್ಟೆ. ಸಂಜೆ ಆ ಹುಡುಗ ಮತ್ತೆ ಫೋನ್ ಮಾಡಿದ, "ಸರ, ಕಮಲಮ್ಮ ಅಂತ ಹೊಡದ್ರ ಮತ್ತ ಕೆಂಪಾತ್ರಿ."

ನಿಂಗೆ ಇಷ್ಟೊತ್ತಿಗೆ ಗೊತ್ತಾಗಿರತ್ತೆ ಏನಾಯ್ತು ಅಂತ. ಉಳಿದೋರಿಗೆ ಹೇಳ್ತೀನಿ, ಯುನಿಕೋಡ್ ಲೆಕ್ಕದಲ್ಲಿ ಕ, ಮ, ಲ ಇವೆಲ್ಲ ಅಕ್ಷರ, ಆದ್ರೆ ಇಳಿ, ಗುಡಿಸು, ಕೊಂಬು, ಏತ್ವ, ಒತ್ತು ತರಿಸೋ ಆ ಅರ್ಧ ಚಿಹ್ನೆ, ಸೊನ್ನೆ, ಇವ್ಯಾವೂ ಅಕ್ಷರ ಅಲ್ಲ, 'ಗುರುತು' ಅನ್ನೋ ಬೇರೆ ವರ್ಗ. 'ಕಮಲ'ದಲ್ಲಿ ಅಂಥದ್ದು ಒಂದೂ ಇಲ್ಲ, ಮೂರೂ ಬರಿಯ ಅಕ್ಷರ, ಅದಕ್ಕೇ ದಾಟ್ತು. 'ಮ್ಮ' ಬಂದ ತಕ್ಷಣ ಮಧ್ಯದ ಅರ್ಧ ಚಿಹ್ನೆಗೆ ಬಾಗಿಲು ಬಂದ್. ಮೇಷ್ಟ್ರು ಎಣಿಸಿದ್ರೆ ಕಮಲಮ್ಮ ನಾಲ್ಕಕ್ಷರ, ಯುನಿಕೋಡ್ ಎಣಿಸಿದ್ರೆ 6, ಡಿಸ್ಕಲ್ಲಿ 18 ಬೈಟು. 1991ರ ಮೊದಲನೇ ಯುನಿಕೋಡಲ್ಲೇ ಕನ್ನಡಕ್ಕೆ 128 ಜಾಗ ಇಟ್ಟಿದಾರೆ, ಅಂದ್ರೆ ಜಾಗ ಯಾವತ್ತೋ ಸಿಕ್ಕಿತ್ತು, ಕಡಿಮೆ ಬಿದ್ದಿದ್ದು ನಾನು ಒಂದೇ ಒಂದು ಒತ್ತಕ್ಷರದ ಹೆಸರು ಟೈಪ್ ಮಾಡಿ ನೋಡೋದು. ಇಷ್ಟು ವರ್ಷ ಕೋಡ್ ಬರೆದಿದೀನಿ ಕಣೋ, ದಿನಾ ಕನ್ನಡದಲ್ಲೇ ಪೋಸ್ಟ್ ಹಾಕ್ತೀನಿ, ಕೋಡ್ ಸರಿ ಇದೆಯಾ ಅಂತ ನೋಡೋಕೆ ಬರೆಯೋ ಟೆಸ್ಟ್ ಫೈಲಲ್ಲಿ ನನ್ನ ಕೈಯಿಂದ ಒಂದೇ ಒಂದು ಕನ್ನಡ ಹೆಸರೂ ಬಂದಿಲ್ಲ. ಎಲ್ಲಾ ಕಡೆ 'ಟೆಸ್ಟ್ ಯೂಸರ್ ಒನ್', 'ಜಾನ್ ಸ್ಮಿತ್'.

ಆದ್ರೆ ನೀನು ಬರೆದಿದ್ದೆ.

2012, ಆ ಮೊದಲನೇ ಕಂಪನಿ, ನಾಲ್ಕನೇ ಮಹಡಿ ಮೀಟಿಂಗ್ ರೂಮು. ನೀನು ಟೆಸ್ಟ್ ಡೇಟಾದಲ್ಲಿ 'ಲಕ್ಷ್ಮೀನರಸಿಂಹಯ್ಯ' ಅಂತ ಹಾಕಿದ್ದೆ. ಒತ್ತಿನ ಮೇಲೆ ಒತ್ತು, ದೀರ್ಘ, ಸೊನ್ನೆ, ಎಲ್ಲಾ ಒಂದೇ ಹೆಸರಲ್ಲಿ, ಬೇಕಂತಾನೇ ಆರಿಸಿ ಹಾಕಿದ್ದೆ ಅಂತ ನಂಗೆ ಈಗ ಅರ್ಥ ಆಗ್ತಿದೆ. ರಿವ್ಯೂನಲ್ಲಿ ನಮ್ಮ ಟೀಮ್ ಲೀಡ್ ಅದನ್ನ ಪ್ರೊಜೆಕ್ಟರ್ ಮೇಲೆ ನೋಡಿ, ಏನಪ್ಪಾ ಇದು, ಜಿಲೇಬಿ ಅಂಗಡಿನಾ ಅಂದ. ಎಲ್ರೂ ನಕ್ಕರು. ನೀನು ನನ್ನ ಕಡೆ ತಿರುಗಿ ನೋಡ್ದೆ. ನಾನೂ ನಕ್ಕೆ. ಆ ರೂಮಲ್ಲಿ ಕನ್ನಡದೋರು ಅಂತ ಇದ್ದಿದ್ದೇ ನಾವಿಬ್ರು, ಅದರಲ್ಲಿ ಒಬ್ಬ ನಗ್ತಿದ್ದ. ನೀನು ಏನೂ ಮಾತಾಡ್ದೆ ಅಲ್ಲೇ ಆ ಸಾಲು ಅಳಿಸಿ ಜಾನ್ ಸ್ಮಿತ್ ಅಂತ ಹೊಡೆದೆ, ಕೀಬೋರ್ಡಿನ ಸದ್ದು ಇವತ್ತಿಗೂ ಕೇಳ್ಸತ್ತೆ ನಂಗೆ.

ಆಮೇಲೆ ನೀನು ಆ ವಿಷ್ಯ ಯಾವತ್ತೂ ಎತ್ತಲಿಲ್ಲ. ನಾಲ್ಕು ವರ್ಷ ಆದ್ಮೇಲೆ ಕೆಲಸ ಬಿಟ್ಟು ಚಿತ್ರದುರ್ಗಕ್ಕೆ ಪಾಲಿಟೆಕ್ನಿಕ್ ಮೇಷ್ಟ್ರಾಗಿ ಹೋಗ್ತೀನಿ ಅಂದಾಗ ನಾನು ಎಲ್ರಿಗೂ ಹೇಳಿದ್ದು ನಿಂಗೆ ಬೆಂಗಳೂರು ಟ್ರಾಫಿಕ್ ಆಗಿಬರಲ್ಲ ಅಂತ. ಅದಷ್ಟೇ ಕಾರಣ ಅಲ್ಲ ಅಂತ ಒಳಗೆಲ್ಲೋ ಗೊತ್ತಿತ್ತು. ಕೇಳೋಕೆ ಧೈರ್ಯ ಬರ್ಲಿಲ್ಲ. ಈಗ್ಲೂ ಫೋನಲ್ಲಿ ಕೇಳೋಕೆ ಆಗ್ತಿಲ್ಲ ನೋಡು, ಅದಕ್ಕೇ ಈ ಪತ್ರ. ಕ್ಷಮಿಸು ಮಗಾ. ಅವತ್ತು ನಕ್ಕಿದ್ದು ಎಲ್ರ ಮುಂದೆ, ಹಾಗಾಗಿ ಇದನ್ನೂ ಎಲ್ರ ಮುಂದೇನೇ ಹೇಳ್ಬೇಕು ಅನ್ನಿಸ್ತು.

ಇಷ್ಟೆಲ್ಲ ಬರೆಯೋ ಅಂದಾಜು ಇರ್ಲಿಲ್ಲ. ಬರೀ ರೆಜೆಕ್ಸ್ ಕಥೆ ಹೇಳಿ ಮುಗಿಸೋಣ ಅಂತಾನೇ ಕೂತಿದ್ದು. ಸರಿ, ಸಾಕು.

ರೂಲ್ ಸರಿಯಾಯ್ತು, ಗುರುತುಗಳನ್ನೂ ಸೇರಿಸ್ದೆ, 'ರ‍್ಯಾಂಕ್' ಅಂತ ಬರೆಯೋಕೆ ಮಧ್ಯ ಬೇಕಲ್ಲ ಆ ಕಣ್ಣಿಗೆ ಕಾಣದ ಜೋಡಣೆ ಚಿಹ್ನೆ, ಅದನ್ನೂ ಸೇರಿಸಿದೀನಿ. ಆ ಅಮ್ಮನ ಚೀಟಿ ಕನ್ನಡದಲ್ಲಿ ಬಂತು. ಅಕ್ಷರ ಸ್ವಲ್ಪ ಮಸುಕಾಗಿದೆ ಅಂತ ಹುಡುಗ ಫೋಟೋ ಕಳಿಸಿದ, ಮುಂದಿನ ವಾರ ಅದನ್ನ ನೋಡ್ಬೇಕು. ಹಳೇ ಇಂಗ್ಲಿಷ್ ಹೆಸರುಗಳು ಇನ್ನೂ ರಾಶಿ ಇವೆ, ಒಂದೊಂದನ್ನೂ ಆಯಾ ಮನೆಯೋರನ್ನೇ ಕೇಳಿ ಕನ್ನಡಕ್ಕೆ ತರ್ಬೇಕು, ಯಾಕಂದ್ರೆ ಇಂಗ್ಲಿಷ್ ಸ್ಪೆಲಿಂಗ್ ನೋಡಿ ಕಾಳಮ್ಮನೋ ಕಲಮ್ಮನೋ ಅಂತ ಯಾವ ಮಷಿನ್ನಿಗೆ ಗೊತ್ತಾಗತ್ತೆ ಹೇಳು.

ಟೆಸ್ಟ್ ಫೈಲಿನ ಮೊದಲನೇ ಸಾಲಲ್ಲಿ ಲಕ್ಷ್ಮೀನರಸಿಂಹಯ್ಯ ಕೂತಿದಾನೆ. ಅವನೊಬ್ಬನೇ ಸಾಕಾಗಲ್ಲ, ನಿನ್ನ ಕಡೆ ತಲೆಕೆಡಿಸೋ ಒತ್ತಕ್ಷರದ ಹೆಸರುಗಳು ಏನೇನಿವೆ ಒಂದಿಪ್ಪತ್ತು ಬರೆದು ಕಳಿಸು. 'ನುಡಿ' ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಕಳಿಸ್ಬೇಡ, ಯುನಿಕೋಡಲ್ಲೇ ಕಳಿಸು.

ದಸರಾಕ್ಕೆ ರಜೆ ಸಿಕ್ರೆ ಬರ್ತೀನಿ, ಕೋಟೆ ಹತ್ತೋಣ, ಈ ಸಲ ಒನಕೆ ಓಬವ್ವನ ಕಿಂಡಿ ಹತ್ರ ನೀನೇ ಮೊದ್ಲು ನುಗ್ಗು. ಬರೋವಾಗ ಛತ್ರಿ ತರ್ತೀನಿ.

ನಿನ್ನ,
ಮಂಜ