ವಾಟ್ ನೋಡಿ ಸ್ಪೀಕರ್ ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಊರಹಬ್ಬ, ನಾಟಕಗಳಿಗೆಂದು ಮೊದಲ ಬಾರಿಗೆ ತಾವೇ ಧ್ವನಿಪೆಟ್ಟಿಗೆ ಕಟ್ಟಲು ಹೊರಡುವ ಹವ್ಯಾಸಿಗಳು ಸಾಮಾನ್ಯವಾಗಿ ಮೋಸಹೋಗುವುದು ಸ್ಪೀಕರಿನ ಮೇಲೆ ದಪ್ಪಕ್ಷರಗಳಲ್ಲಿ ಮುದ್ರಿಸಿದ ವಾಟ್ ಸಂಖ್ಯೆಗೆ. ವಾಟ್ ದುಪ್ಪಟ್ಟಾದರೂ ಶಬ್ದ ಏರುವುದು 3 ಡೆಸಿಬೆಲ್ ಮಾತ್ರ; ಆದ್ದರಿಂದ 1 ವಾಟ್‌ಗೆ 1 ಮೀಟರ್ ದೂರದಲ್ಲಿ 98 ಡೆಸಿಬೆಲ್ ನೀಡುವ ಸ್ಪೀಕರು 300 ವಾಟ್‌ನಲ್ಲಿ ಮಾಡುವ ಕೆಲಸಕ್ಕೆ, 92 ಡೆಸಿಬೆಲ್‌ನ ಸ್ಪೀಕರಿಗೆ 1200 ವಾಟ್ ಬೇಕಾಗುತ್ತದೆ.

ಪೆಟ್ಟಿಗೆಯ ಒಳ ಅಳತೆಯನ್ನೂ ಗಾಳಿಕೊಳವೆಯ ಉದ್ದವನ್ನೂ ಆಯಾ ಸ್ಪೀಕರಿನ ಥೀಲ್–ಸ್ಮಾಲ್ ಅಂಕಿಗಳಿಂದಲೇ (ಸ್ಪೀಕರು ಪೆಟ್ಟಿಗೆಯಲ್ಲಿ ಹೇಗೆ ವರ್ತಿಸುತ್ತದೆಂದು ತಿಳಿಸುವ ಅಳತೆಗಳು) ಲೆಕ್ಕ ಹಾಕಬೇಕು. ಬೇರೆ ಪೆಟ್ಟಿಗೆಯ ನಕಲು, 18 ಮಿ.ಮೀ. ಪ್ಲೈವುಡ್ಡಿನಲ್ಲೇ ಮಾಡಿದರೂ, ಬಹುಪಾಲು ಗುಂಯ್‌ಗುಡುತ್ತದೆ. ಇಷ್ಟಾದರೂ ಅನೇಕ ಅಂಗಡಿಗಳಲ್ಲಿ ಆ ಅಂಕಿಗಳನ್ನು ಕೇಳಿದರೆ ನಗುತ್ತಾರೆ! ಬೆಲೆಪಟ್ಟಿಯ ಜೊತೆಗೇ ಮಾಹಿತಿಪತ್ರವನ್ನೂ ಕೊಡುವಂತೆ ವ್ಯಾಪಾರಿಗಳಲ್ಲಿ ವಿನಂತಿಸುತ್ತೇನೆ.

— ಒಬ್ಬ ಹವ್ಯಾಸಿ, ಮೈಸೂರು