ಟಿವಿ ಜಾಹೀರಾತಿನಲ್ಲಿ ಪ್ಯಾನೆಲ್ ವಿವರವೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿದೆ. ಹೇಗೂ ತೆರಿಗೆ ಇಳಿದಿದೆ, 43 ಇಂಚನ್ನೇ ತರೋಣ ಎಂದು ಅಂಗಡಿಗೆ ಹೋದರೆ ಪಕ್ಕಪಕ್ಕದಲ್ಲಿ ಎರಡು ಟಿವಿ ತೂಗುಹಾಕಿರುತ್ತಾರೆ. ಅಳತೆ ಒಂದೇ, ಅಂಚೂ ಅಷ್ಟೇ ತೆಳು. ಒಂದು ಫುಲ್ ಎಚ್‌ಡಿ, ಇನ್ನೊಂದು 4ಕೆ. ಯಾವುದನ್ನು ಒಯ್ಯಬೇಕು ಎಂಬುದಕ್ಕೆ ಪುಟಗಟ್ಟಲೆ ಬರುವ ಜಾಹೀರಾತುಗಳಲ್ಲಿ ಉತ್ತರವಿಲ್ಲ. ಕ್ಯಾಶ್‌ಬ್ಯಾಕ್, ಇಎಂಐ ದಪ್ಪಕ್ಷರದಲ್ಲಿರುತ್ತವೆ, ಒಳಗಿನ ಪ್ಯಾನೆಲ್ (ಚಿತ್ರ ಮೂಡುವ ಪರದೆ) ಎಂಥದು ಎಂಬ ಮಾತೇ ಇರುವುದಿಲ್ಲ.

ಮೊದಲು ಚಿತ್ರ ಮೂಡಿಸುವ ಚುಕ್ಕಿಗಳ (ಪಿಕ್ಸೆಲ್) ಲೆಕ್ಕ, ಅಡ್ಡಕ್ಕೆಷ್ಟು, ಮೇಲಿಂದ ಕೆಳಕ್ಕೆಷ್ಟು ಎಂದು. ಎಚ್‌ಡಿ ರೆಡಿ ಎಂದರೆ 1366×768, ಫುಲ್ ಎಚ್‌ಡಿ 1920×1080, 4ಕೆ 3840×2160. 43 ಇಂಚಿನ ಪರದೆಯ ಅಗಲ ಸುಮಾರು 95 ಸೆಂ.ಮೀ. ಫುಲ್ ಎಚ್‌ಡಿಯಲ್ಲಿ ಒಂದೊಂದು ಚುಕ್ಕಿ ಅರ್ಧ ಮಿಲಿಮೀಟರ್‌ನಷ್ಟು. ಐದೂವರೆ ಅಡಿ ದಾಟಿ ಕೂತರೆ ಮಾಮೂಲಿ ದೃಷ್ಟಿಯ ಕಣ್ಣಿಗೆ ಅದು ಬಿಡಿಬಿಡಿಯಾಗಿ ಕಾಣುವುದಿಲ್ಲ. 4ಕೆ ಚುಕ್ಕಿಗಳ ಪೂರ್ತಿ ಲಾಭ ಬೇಕಿದ್ದರೆ ಮೂರಡಿ ಹತ್ತಿರ ಕೂರಬೇಕು. ಸೋಫಾ ಎಂಟಡಿ ದೂರವಿರುವ ಮನೆಯಲ್ಲಿ ಈ ವ್ಯತ್ಯಾಸಕ್ಕೆ ಬೆಲೆಯಿಲ್ಲ. ಕೇಬಲ್, ಡಿಟಿಎಚ್‌ನ ಎಚ್‌ಡಿ ಚಾನೆಲ್‌ಗಳು ಬರುವುದು 1080ಐ, ಅಂದರೆ 1080 ಗೆರೆಗಳ ಮಟ್ಟದಲ್ಲಿ. ಎಸ್‌ಡಿ ಚಾನೆಲ್ಲಿಗೆ 576 ಗೆರೆಯಷ್ಟೇ, ಉಳಿದದ್ದನ್ನು ಟಿವಿಯೇ ಊಹಿಸಿ ತುಂಬಿಕೊಳ್ಳುತ್ತದೆ. ಹಾಗೆ ನೋಡಿದರೆ 43 ಇಂಚಿನಲ್ಲಿ 4ಕೆ ಕೊಳ್ಳಲು ಕಾರಣ ಬೇರೆಯೇ ಇದೆ: ಒಳ್ಳೆಯ ಚಿಪ್, 2 ಜಿಬಿ ರ‍್ಯಾಮ್, 5 ಗಿಗಾಹರ್ಟ್ಜ್ ವೈಫೈ ಇವನ್ನೆಲ್ಲ ಅನೇಕ ಕಂಪನಿಗಳು ಆ ಮಾದರಿಗೇ ಮೀಸಲಿಡುತ್ತವೆ. 1 ಜಿಬಿ ರ‍್ಯಾಮಿನ ಸ್ಮಾರ್ಟ್ ಟಿವಿ ನಾಲ್ಕು ಆ್ಯಪ್ ಹಾಕಿದ ಮೇಲೆ ತೆವಳತೊಡಗುತ್ತದೆ.

ಒಂದು ಕಡೆ ಮಾತ್ರ ಮೋಸ ಹೋಗಬೇಡಿ. ‘4ಕೆ ಸಪೋರ್ಟ್’ ಎಂದು ಬರೆದಿದ್ದರೆ 4ಕೆ ಸಿಗ್ನಲ್ ಒಳಗೆ ಬಿಟ್ಟುಕೊಳ್ಳುತ್ತದೆ ಎಂದಷ್ಟೇ ಅರ್ಥ. ಪರದೆ 768 ಗೆರೆಯದ್ದೂ ಇರಬಹುದು. ಪೆಟ್ಟಿಗೆಯ ಮೇಲೆ ‘ಪ್ಯಾನೆಲ್ ರೆಸಲ್ಯೂಶನ್’ (ಪರದೆಯ ಚುಕ್ಕಿಗಳ ಸಂಖ್ಯೆ) ಸಾಲನ್ನೇ ಓದಬೇಕು.

ಇನ್ನು ಪ್ಯಾನೆಲ್. ಸಾಮಾನ್ಯ ಎಲ್‌ಇಡಿ ಟಿವಿಗಳಲ್ಲಿ ವಿಎ, ಐಪಿಎಸ್ ಎಂಬ ಎರಡು ಬಗೆ ಮುಖ್ಯ. ವಿಎ ಪ್ಯಾನೆಲ್ಲಿನಲ್ಲಿ ಕಪ್ಪು ನಿಜವಾಗಿ ಕಪ್ಪಾಗಿರುತ್ತದೆ, ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ) 3000:1ರ ಆಸುಪಾಸು. ಐಪಿಎಸ್‌ನಲ್ಲಿ ಅದು 1000:1ರ ಸುತ್ತ, ರಾತ್ರಿಯ ದೃಶ್ಯ ಬೂದಿ ಬಳಿದಂತಿರುತ್ತದೆ. ಆದರೆ ಪಕ್ಕದಿಂದ ನೋಡಿದರೆ ಐಪಿಎಸ್ ಬಣ್ಣ ಕೆಡುವುದಿಲ್ಲ, ವಿಎ ಪೇಲವವಾಗುತ್ತದೆ. ಎದುರಿಗೆ ಕೂತು ದೀಪ ಆರಿಸಿ ಸಿನಿಮಾ ನೋಡುವವರಿಗೆ ವಿಎ ಸರಿ. ಒಬ್ಬರು ಸೋಫಾದ ತುದಿಯಲ್ಲಿ, ಇನ್ನೊಬ್ಬರು ನೆಲದ ಚಾಪೆಯಲ್ಲಿ, ಮತ್ತೊಬ್ಬರು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುವ ಮನೆಗೆ ಐಪಿಎಸ್ ವಾಸಿ. ಬೆಳಕು-ಕತ್ತಲೆಯ ವ್ಯತ್ಯಾಸವನ್ನು ಎದ್ದು ಕಾಣಿಸುವ ಎಚ್‌ಡಿಆರ್ ಎಂಬ ಚೀಟಿಗೆ ಮರುಳಾಗುವುದು ಬೇಡ. 250–300 ನಿಟ್ಸ್ (ಪರದೆಯ ಪ್ರಖರತೆಯ ಅಳತೆ) ಬೆಳಕಿನ ಪರದೆಯಲ್ಲಿ ಅದು ಹೆಸರಿಗಷ್ಟೇ. ‘ಮೋಷನ್’ ಹೆಸರಿನ ದೊಡ್ಡ ಸಂಖ್ಯೆಗಳೂ ಹೀಗೇ, ಪ್ಯಾನೆಲ್ 60 ಹರ್ಟ್ಜೋ 120 ಹರ್ಟ್ಜೋ, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂದು ಕೇಳಿ.

ಅಂಗಡಿಯಲ್ಲಿ ಕಾಣುವ ಚಿತ್ರ ಮನೆಯದಲ್ಲ. ಅಲ್ಲಿ ಸ್ಟೋರ್ ಮೋಡ್ ಇರುತ್ತದೆ, ಬೆಳಕೂ ಬಣ್ಣವೂ ಮಿತಿಮೀರಿ ಏರಿಸಿರುತ್ತಾರೆ. ಎರಡೂ ಟಿವಿಗಳನ್ನು ಹೋಮ್ ಮೋಡಿಗೆ, ಪಿಕ್ಚರನ್ನು ಸ್ಟ್ಯಾಂಡರ್ಡ್‌ಗೆ ತರಿಸಿ, ಡೆಮೊ ವಿಡಿಯೊ ಬದಲು ಒಂದು ಕನ್ನಡ ಸುದ್ದಿ ಚಾನೆಲ್ ಹಾಕಿಸಿ. ಕೆಳಗೆ ಓಡುವ ಅಕ್ಷರಗಳನ್ನೇ ನೋಡಿ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಬಂದಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ಓದಲು ಬಂದರೆ ಒಳ್ಳೆಯ ಟಿವಿ. ಒಂದಕ್ಕೊಂದು ಅಂಟಿ ಬಾಲ ಎಳೆದಂತಿದ್ದರೆ ಮುಂದಿನದನ್ನು ನೋಡಿ. ಕ್ರಿಕೆಟ್ ಚೆಂಡಿಗಿಂತ ಇದು ಕಠಿಣ ಪರೀಕ್ಷೆ.

ಎಷ್ಟೋ ಮನೆಗಳಲ್ಲಿ ಟಿವಿ ಸರಿಯಿದ್ದು ಜೋಡಣೆ ತಪ್ಪಿರುತ್ತದೆ. ಎಚ್‌ಡಿ ಸೆಟ್‌ಟಾಪ್ ಬಾಕ್ಸಿಗೆ ಹಣ ಕಟ್ಟಿ, ಅದನ್ನು ಹಳದಿ-ಕೆಂಪು-ಬಿಳಿ ಪಿನ್ನಿನ ಹಳೆಯ ವೈರಿನಲ್ಲೇ ಸಿಕ್ಕಿಸಿರುತ್ತಾರೆ. ಆ ಹಳದಿ ವೈರಿನಲ್ಲಿ ಎಚ್‌ಡಿ ಹರಿಯುವುದೇ ಇಲ್ಲ, ಎಚ್‌ಡಿಎಂಐ ಕೇಬಲ್ಲೇ ಬೇಕು. ಬಾಕ್ಸಿನ ಸೆಟ್ಟಿಂಗ್‌ನಲ್ಲಿ ವಿಡಿಯೊ ಔಟ್‌ಪುಟ್ 1080ಐಗೆ ಬದಲಿಸಬೇಕು. ಸುದ್ದಿಪಟ್ಟಿಯ ಕೆಳಸಾಲು ಅರ್ಧ ಕತ್ತರಿಸಿಹೋಗಿದ್ದರೆ ಪಿಕ್ಚರ್ ಸೈಜ್‌ನಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಆರಿಸಿದರೆ ಸಾಕು.

ಬ್ಯಾಕ್‌ಲೈಟ್ (ಪರದೆಯ ಹಿಂದಿನ ಬೆಳಕು) ಅನ್ನು ನೂರಕ್ಕೆ ನೂರು ಇಟ್ಟು ವರ್ಷಗಟ್ಟಲೆ ಓಡಿಸಿದರೆ ಒಳಗಿನ ಎಲ್‌ಇಡಿ ಪಟ್ಟಿಗಳು ಕಾಯ್ದು ಬೇಗ ಸುಟ್ಟುಹೋಗುತ್ತವೆ. ಮನೆಯೊಳಗೆ 60–70 ಧಾರಾಳ. ಧ್ವನಿ ಬರುತ್ತಿದ್ದು ಪರದೆ ಕತ್ತಲಾಗಿದ್ದರೆ ಕೋಣೆಯ ದೀಪ ಆರಿಸಿ ಪರದೆಗೆ ಹತ್ತಿರದಿಂದ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ಪ್ಯಾನೆಲ್ ಸತ್ತಿಲ್ಲ, ಬೆಳಕು ಮಾತ್ರ ಹೋಗಿದೆ. ಪಟ್ಟಿ ಬದಲಿಸುವುದು ಪ್ಯಾನೆಲ್ ಬದಲಿಸಿದಷ್ಟು ದುಬಾರಿಯಲ್ಲ. ಪ್ಯಾನೆಲ್ಲೇ ಹೋದರೆ ಖರ್ಚು ಹೊಸ ಟಿವಿಯ ಹತ್ತಿರಕ್ಕೆ ಬರುತ್ತದೆ. ಆದ್ದರಿಂದ ವಾರಂಟಿ ಚೀಟಿಯಲ್ಲಿ ಪ್ಯಾನೆಲ್ಲಿಗೆ ಎಷ್ಟು ವರ್ಷ ಎಂದು ಬೇರೆಯಾಗಿ ನೋಡಿ. ನಿಮ್ಮ ಪಿನ್‌ಕೋಡಿಗೆ ಸರ್ವಿಸ್ ಇದೆಯೇ ಎಂದೂ ಕೇಳಿ, ತಾಲ್ಲೂಕು ಊರುಗಳಲ್ಲಿ ಇದು ಮುಖ್ಯ.

ಶೋಕೇಸಿನ ಗೂಡಿನಲ್ಲಿಡುವವರು ಟೇಪ್ ಹಿಡಿದು ಹೋಗಲಿ. ಕಾಲುಗಳು ಎರಡು ತುದಿಯಲ್ಲಿರುವ ಮಾದರಿಗೆ ಮೂರಡಿ ಅಗಲದ ಮೇಜೂ ಸಾಲದೆ ಬರಬಹುದು. ವಿದ್ಯುತ್ ಬಳಕೆಯ ಸ್ಟಾರ್ ಚೀಟಿಯಲ್ಲಿ ನಕ್ಷತ್ರಕ್ಕಿಂತ ವರ್ಷದ ಯೂನಿಟ್ ಸಂಖ್ಯೆಯನ್ನು ಹೋಲಿಸಿ.

ಇಷ್ಟನ್ನೆಲ್ಲ ಗ್ರಾಹಕರೇ ಕೆದಕಿ ಕೇಳಬೇಕಾಗಿರುವುದು ಏಕೆ? ಪ್ಯಾನೆಲ್ಲಿನ ಬಗೆ, ಅದರ ನಿಜವಾದ ರೆಸಲ್ಯೂಶನ್, ನಿಟ್ಸ್, ಪ್ಯಾನೆಲ್ ವಾರಂಟಿ ಈ ನಾಲ್ಕನ್ನು ಬೆಲೆಯ ಪಕ್ಕದಲ್ಲೇ, ಬೆಲೆಯಷ್ಟೇ ದಪ್ಪಕ್ಷರದಲ್ಲಿ ಅಚ್ಚು ಮಾಡುವಂತೆ ತಮ್ಮ ಪತ್ರಿಕೆಯ ಜಾಹೀರಾತು ವಿಭಾಗ ಕಂಪನಿಗಳನ್ನು ಕೇಳಬೇಕೆಂದು ವಿನಂತಿ.

– ಒಬ್ಬ ಟಿವಿ ಮೆಕ್ಯಾನಿಕ್, ಶಿವಮೊಗ್ಗ