ಬೆಕ್ಕಿನ ಶುಗರ್: ಒಂದೇ ನಂಬರ್ ನೋಡಿ ಡೋಸ್ ಏರಿಸಬೇಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೇಲಿ ಮನುಷ್ಯರ ಶುಗರ್ ಬಗ್ಗೆ ಆಗಾಗ ಬರ್ತಾನೇ ಇರುತ್ತೆ, ಓದ್ತೀವಿ. ಬೆಕ್ಕಿಗೂ ಶುಗರ್ ಬರುತ್ತೆ, ಅದಕ್ಕೂ ದಿನಕ್ಕೆ 2 ಸಲ ಇನ್ಸುಲಿನ್ ಚುಚ್ಚೋ ಮನೆಗಳಿವೆ ಅಂದ್ರೆ ಮಾತ್ರ ಜನ ನಗ್ತಾರೆ. ನಾನೂ ನಗ್ತಿದ್ದೆ, ನಮ್ಮ ಗುಂಡನಿಗೆ ಬರೋ ತನಕ. 11 ವರ್ಷದ ಗಂಡು ಬೆಕ್ಕು, ಮರಿ ಆಗದಂತೆ ಆಪರೇಷನ್ ಆಗಿರೋನು, ಹೆಸರಿಗೆ ತಕ್ಕ ಮೈ, ಈ ಕಾಯಿಲೆ ಜಾಸ್ತಿ ಹುಡುಕ್ಕೊಂಡು ಬರೋದೇ ಇಂಥವರನ್ನಂತೆ. ನೀರಿನ ಬಟ್ಟಲು ಇಟ್ಟಷ್ಟೂ ಖಾಲಿ, ಅವನು ಉಚ್ಚೆ ಹೊಯ್ಯೋ ಮರಳಿನ ತಟ್ಟೇಲಿ (ಲಿಟರ್ ಟ್ರೇ) ಒದ್ದೆ ಮರಳಿನ ಗಡ್ಡೆ ದಿನದಿಂದ ದಿನಕ್ಕೆ ದೊಡ್ಡದು, ಚೆನ್ನಾಗಿ ತಿಂದ್ರೂ ಸೊರಗ್ತಿದ್ದ, ಕೊನೆಗೆ ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರ್ಕೊಂಡು ನಡೆಯೋಕೆ ಶುರು ಮಾಡಿದಾಗ ಎತ್ಕೊಂಡು ಓಡಿದ್ವಿ. ಶುಗರ್ ಜಾಸ್ತಿಯಾಗಿ ಕಾಲಿನ ನರಕ್ಕೆ ಪೆಟ್ಟು ಬಿದ್ರೆ ಹಾಗೆ ನಡೀತಾವಂತೆ.

ಬರೀಬೇಕು ಅನ್ಸಿದ್ದು ಅದರ ಮುಂದಿನ ಕಥೆಗೆ. ಇನ್ಸುಲಿನ್ ಶುರುವಾಗಿ ಒಂದು ತಿಂಗಳಿಗೆ ಚೆಕಪ್‌ಗೆ ಹೋದ್ವಿ, ಬುಟ್ಟಿಲಿ ದಾರಿಯುದ್ದಕ್ಕೂ ಕಿರುಚ್ಕೊಂಡು ಬಂದ, ಅಲ್ಲಿ ಪಕ್ಕದಲ್ಲೇ ಒಂದು ನಾಯಿ ಬೊಗಳ್ತಿತ್ತು, ಮೂರು ಜನ ಹಿಡ್ಕೊಂಡು ರಕ್ತ ತೆಗೆದ್ರು, 410 ಬಂತು. ಡೋಸ್ 2 ಯೂನಿಟ್‌ನಿಂದ 3ಕ್ಕೆ ಏರಿಸಿ ಕಳಿಸಿದ್ರು. ಹೆದರಿದ ಬೆಕ್ಕಿನ ಶುಗರ್ ಬರೀ ಹೆದರಿಕೆಗೇ 300 ದಾಟಬಹುದು, ಶುಗರ್ ಕಾಯಿಲೆನೇ ಇಲ್ಲದ ಬೆಕ್ಕಿಗೂ ಹಾಗಾಗುತ್ತೆ ಅನ್ನೋದು ಆಗ ನಮಗೆ ಗೊತ್ತಿರ್ಲಿಲ್ಲ, ಹೇಳಬೇಕಾದವರೂ ಹೇಳಲಿಲ್ಲ. ಮೂರನೇ ದಿನ ರಾತ್ರಿ, ಇಂಜೆಕ್ಷನ್ ಕೊಟ್ಟು ಐದು ಗಂಟೆ ಆಗಿರ್ಬೇಕು, ಮಂಚದ ಕೆಳಗಿಂದ ಕುಡಿದವರ ಥರ ತೂರಾಡ್ಕೊಂಡು ಬಂದ, ಕಣ್ಣು ಅಗಲ, ಕೂಗಿದ್ರೆ ತಿರುಗಿ ನೋಡ್ತಿಲ್ಲ. ಅಮ್ಮನ ಗ್ಲುಕೋಮೀಟರ್ ಇತ್ತು, ನೋಡಿದ್ರೆ 48. ವಸಡಿಗೆ ಜೇನುತುಪ್ಪ ಸವರಿದೆ, ಸ್ವಲ್ಪ ಚೇತರಿಸ್ಕೊಂಡ್ಮೇಲೆ ಊಟ ಇಟ್ಟೆ, ಡಾಕ್ಟ್ರಿಗೆ ಫೋನ್ ಮಾಡ್ದೆ, ಬೆಳಗಾಗೋ ತನಕ ಪಕ್ಕದಲ್ಲೇ ಕೂತಿದ್ದೆ. ಬೆಳಗ್ಗೆ ನೋಡಿದ್ರೆ 370! ತೀರಾ ಲೋ ಆದಾಗ ಲಿವರ್ ತಾನು ಕೂಡಿಟ್ಟಿರೋ ಸಕ್ಕರೆ ಬಿಟ್ಟು ಮೇಲೆತ್ತುತ್ತೆ, ಜೊತೆಗೆ ಜೇನುತುಪ್ಪ ಬೇರೆ ಹೋಗಿತ್ತಲ್ಲ. ಹಾಗಂತ ಹೈ ಬಂದಾಗಲೆಲ್ಲ ರಾತ್ರಿ ಲೋ ಆಗಿತ್ತು ಅಂದ್ಕೊಳ್ಳೋದೂ ತಪ್ಪು, ಬೆಕ್ಕುಗಳಲ್ಲಿ ಅದು ಜನ ಅಂದ್ಕೊಂಡಷ್ಟು ಕಾಮನ್ ಅಲ್ಲ ಅಂತಾರೆ ಈಗಿನ ಡಾಕ್ಟ್ರುಗಳು. ಆದ್ರೆ ಆ 370 ಒಂದನ್ನೇ ನೋಡಿದ್ರೆ ಯಾರಿಗೇ ಆದ್ರೂ ಇನ್ನೊಂದು ಯೂನಿಟ್ ಏರಿಸೋಣ ಅನ್ಸುತ್ತೆ ಅಲ್ವಾ, ಭಯ ಅದೇ.

ಆಮೇಲೆ ಬೇರೆ ಡಾಕ್ಟ್ರು ಸಿಕ್ಕಿದ್ರು, ಅವರು ಕಲಿಸಿದ್ದು ಮನೇಲೇ ನೋಡೋದು. ಬೆಕ್ಕಿನ ಕಿವಿ ಅಂಚಲ್ಲಿ ಸಣ್ಣ ರಕ್ತನಾಳ ಓಡುತ್ತೆ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಅರ್ಧ ನಿಮಿಷ ಒತ್ತಿ ಹಿಡಿದು, ಕಿವಿ ಹಿಂದೆ ಹತ್ತಿ ಇಟ್ಟು ಚುಚ್ಚಿದ್ರೆ ಸಾಸಿವೆ ಕಾಳಷ್ಟು ರಕ್ತ ಬರುತ್ತೆ, ಸ್ಟ್ರಿಪ್‌ಗೆ ಅಷ್ಟು ಸಾಕು. ಮೊದಲ ವಾರ ನಂದೇ ಬೆರಳು ಜಾಸ್ತಿ ಚುಚ್ಕೊಂಡಿದ್ದೆ. ಈಗ ಗುಂಡ ಚುಚ್ಚಿಸ್ಕೊಂಡೇ ನಿದ್ದೆ ಮಾಡ್ತಾನೆ. ಒಂದು ದಿನ ಪೂರ್ತಿ, ಇಂಜೆಕ್ಷನ್ನಿಗೆ ಮುಂಚೆ ಒಂದು, ಆಮೇಲೆ 2 ಗಂಟೆಗೊಂದ್ಸಲ, 12 ಗಂಟೆ ತನಕ ಬರ್ಕೊಂಡ್ರೆ ಶುಗರ್ ಎಲ್ಲಿ ತನಕ ಇಳೀತು, ಎಷ್ಟು ಹೊತ್ತಿಗೆ ಇಳೀತು ಅಂತ ಗೊತ್ತಾಗುತ್ತೆ. ಡೋಸ್ ಏರಿಸೋದು ಇಳಿಸೋದು ಮುಖ್ಯವಾಗಿ ಆ ತಳದ ನಂಬರ್ ನೋಡ್ಕೊಂಡು, ಅದೂ ಡಾಕ್ಟ್ರು. ನಾವಲ್ಲ. ಇನ್ನೊಂದು, ಮನುಷ್ಯರ ಮೀಟರ್ ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ನಿಜಕ್ಕಿಂತ ಕಮ್ಮಿ ತೋರಿಸುತ್ತೆ, ಹಾಗಾಗಿ ಯಾವ ಮೀಟರಲ್ಲಿ ನೋಡಿದ್ದು ಅಂತ ಡಾಕ್ಟ್ರಿಗೆ ಹೇಳ್ಬೇಕು, ಇವತ್ತೊಂದು ನಾಳೆ ಇನ್ನೊಂದು ಬಳಸಬಾರದು. ಮೈಗೆ ಅಂಟಿಸೋ ಸೆನ್ಸರ್ ಇದೆ, ಮನುಷ್ಯರಿಗೆ ಅಂತ ಮಾಡಿರೋದು, 14 ದಿನ ಬರುತ್ತೆ ಅಂತ ಲೆಕ್ಕ, ಗುಂಡ ಅದನ್ನ ಆರನೇ ದಿನ ಕಿತ್ತು ಸೋಫಾ ಕೆಳಗೆ ಬಿಸಾಕಿದ್ದ.

ಇಷ್ಟೆಲ್ಲಾ ಮಾಡಿದ್ರೂ ಅದೇ ಡೋಸಿಗೆ ಇವತ್ತು 120 ನಾಳೆ 260 ಬರೋದು ಇದ್ದೇ ಇದೆ. ಚುಚ್ಚಿದ ಜಾಗದಿಂದ ಇನ್ಸುಲಿನ್ ಒಂದೊಂದು ದಿನ ಒಂದೊಂದು ಥರ ಹೀರ್ಕೊಳ್ಳುತ್ತೆ, ಒಂದಿನ ಪೂರ್ತಿ ತಿಂತಾನೆ, ಒಂದಿನ ಅರ್ಧ ಬಿಡ್ತಾನೆ. ಕೆಲವು ಸಲ ಸೂಜಿ ಚರ್ಮದ ಆಚೆ ಬದಿಗೆ ತೂರಿ ಔಷಧಿ ಕೂದಲಿಗೆ ಹೋಗಿರುತ್ತೆ, ಕೈ ಸವರಿದ್ರೆ ಒದ್ದೆ ಸಿಗುತ್ತೆ, ಆಗ ಇನ್ನೊಂದ್ಸಲ ಕೊಡಬಾರದು, ಎಷ್ಟು ಒಳಗೆ ಹೋಗಿದೆ ಯಾರಿಗ್ಗೊತ್ತು? ಬಾಟ್ಲು ಬಿಸಿಲಲ್ಲಿ ಉಳಿದ್ರೂ ಫ್ರೀಜರಲ್ಲಿ ಗಟ್ಟಿಯಾದ್ರೂ ಕೆಟ್ಟಿತು ಅಂತಲೇ ಲೆಕ್ಕ. ವಾರಗಟ್ಟಲೆ ಹೈ ಇದ್ದು ಡೋಸ್ ಏರಿಸಿದ್ರೂ ಇಳೀದೇ ಇದ್ರೆ ಇನ್ನೇನೋ ಇದೆ ಅಂತ ಅರ್ಥ. ಗುಂಡನಿಗೆ ಹಿಂದಿನ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು, ಕಿತ್ತ ಮೇಲೆ ಎರಡೇ ವಾರಕ್ಕೆ ಶುಗರ್ ತಾನಾಗೇ ಇಳೀತು. ಉಚ್ಚೆ ಇನ್ಫೆಕ್ಷನ್, ತುರಿಕೆಗೆ ಕೊಟ್ಟ ಸ್ಟೀರಾಯ್ಡ್, ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಬೆಳವಣಿಗೆ ಹಾರ್ಮೋನು ಜಾಸ್ತಿ ಸುರಿಸೋದು, ಇವೂ ಕಾರಣ ಆಗ್ತವೆ.

ಇನ್ನು ಉಲ್ಟಾ ಕಥೆ. ಬೇಗ ಇನ್ಸುಲಿನ್ ಶುರುಮಾಡಿ ಕಾರ್ಬ್ (ಪಿಷ್ಟ, ಸಕ್ಕರೆ ಅಂಶ) ಕಮ್ಮಿ ಇರೋ ಊಟ ಕೊಟ್ರೆ ಕೆಲವು ಬೆಕ್ಕುಗಳಿಗೆ ಕೆಲವು ತಿಂಗಳಲ್ಲಿ ಇನ್ಸುಲಿನ್ನೇ ಬೇಡ ಆಗಿಬಿಡುತ್ತೆ. ಖುಷಿ ವಿಷಯನೇ, ಆದ್ರೆ ಅದು ಹೇಳಿ ಕೇಳಿ ಬರಲ್ಲ, ನಿನ್ನೆ ತನಕ ಸರಿ ಇದ್ದ ಡೋಸ್ ಇವತ್ತು ಜಾಸ್ತಿಯಾಗಿ ಲೋ ಮಾಡುತ್ತೆ, ಊಟ ಬದಲಾಯಿಸಿದಾಗಂತೂ ನೋಡ್ತಾನೇ ಇರ್ಬೇಕು. ಬೆಕ್ಕು ಊಟ ಬಿಟ್ರೆ ಪೂರ್ತಿ ಡೋಸ್ ಚುಚ್ಚದೆ ಮೊದಲು ಫೋನ್ ಮಾಡಿ ಕೇಳಿ, ಹಾಗಂತ ಹೆದರಿ ದಿನಗಟ್ಟಲೆ ನಿಲ್ಲಿಸಿಬಿಟ್ರೆ ಮೈಯ ಕೊಬ್ಬು ಕರಗಿ ಬರೋ ಕೀಟೋನ್ ಅನ್ನೋ ಆಮ್ಲ ರಕ್ತದಲ್ಲಿ ಏರಿ ವಾಂತಿ, ಸುಸ್ತು, ಜೀವಕ್ಕೇ ಅಪಾಯ. ಬಾಯಿಗೆ ಹಾಕೋ ಔಷಧಿನೂ ಬಂದಿದೆ, ಅಮೆರಿಕದ ಎಫ್‌ಡಿಎ 2022ರ ಡಿಸೆಂಬರಲ್ಲಿ ಒಂದು ಮಾತ್ರೆಗೆ ಒಪ್ಪಿಗೆ ಕೊಟ್ಟಿದೆ, ಆದ್ರೆ ಅದು ಮೊದಲೇ ಇನ್ಸುಲಿನ್ ತಗೊಂಡಿರೋ ಬೆಕ್ಕುಗಳಿಗಲ್ಲ, ಗುಂಡನಿಗೆ ಆ ದಾರಿ ಇಲ್ಲ.

ನನ್ನ ಕೋರಿಕೆ ಒಂದೇ. ಇನ್ಸುಲಿನ್ನಲ್ಲಿ ಯು-40, ಯು-100 ಅಂತ ಎರಡು ಥರ ಇದೆ, ಅಂದ್ರೆ ಒಂದು ಎಂಎಲ್‌ಗೆ 40 ಯೂನಿಟ್, 100 ಯೂನಿಟ್. ಬೆಕ್ಕುಗಳಿಗೆ ಎರಡೂ ಬಳಕೇಲಿವೆ, ಸಿರಿಂಜೂ ಬೇರೆ ಬೇರೆ. ಯು-100 ಔಷಧೀನ ಯು-40 ಸಿರಿಂಜಲ್ಲಿ 2ರ ಗೆರೆಗೆ ಎಳೆದ್ರೆ ಒಳಗೆ ಹೋಗೋದು 5 ಯೂನಿಟ್, ಬೆಕ್ಕಿನ ಮೈಗೆ ಅದು ಸಣ್ಣ ತಪ್ಪಲ್ಲ. ನಮ್ಮನೇಲಿ ಒಂದ್ಸಲ ಹೀಗೆ ಬೇರೆ ಸಿರಿಂಜ್ ಕೈಗೆ ಬಂದಿತ್ತು, ಮುಚ್ಚಳದ ಬಣ್ಣ ಬೇರೆ ಇದೆಯಲ್ಲ ಅಂತ ಮಗಳು ಕೇಳದೇ ಇದ್ದಿದ್ರೆ ಚುಚ್ಚೇ ಬಿಡ್ತಿದ್ದೆ. ನಿಮ್ಮ ಪತ್ರಿಕೇಲಿ ಪಶುವೈದ್ಯರೊಬ್ಬರ ಕೈಲಿ ಇದರ ಬಗ್ಗೆ ಬರೆಸಿ, ಜೊತೆಗೆ ಎರಡೂ ಸಿರಿಂಜಿನ ಫೋಟೋ ಅಕ್ಕಪಕ್ಕ ಹಾಕಿ. ಸಾಮಾನ್ಯವಾಗಿ ಕೆಂಪು ಮುಚ್ಚಳ ಯು-40ದು, ಕಿತ್ತಳೆ ಬಣ್ಣದ್ದು ಯು-100ದು, ಕಪ್ಪು ಬಿಳುಪಲ್ಲಿ ಪ್ರಿಂಟ್ ಮಾಡಿದ್ರೆ ಎರಡೂ ಒಂದೇ ಥರ ಕಾಣುತ್ತೆ, ಕಲರ್ ಪೇಜಲ್ಲೇ ಹಾಕಿ ದಯವಿಟ್ಟು.

ಇಂತಿ,
ಗುಂಡನ ಮನೆಯವರು